ವೃಕ್ಷಸಾಕ್ಷಿಯ ನ್ಯಾಯ: ಶೀಲವು ಸಾಕ್ಷ್ಯವಾಗಬಲ್ಲುದೇ?

ದುರ್ಗಸಿಂಹನ ಕರ್ಣಾಟಕ ಪಂಚತಂತ್ರದಲ್ಲಿ ಬರುವ ಧರ್ಮಬುದ್ಧಿ-ದುಷ್ಟಬುದ್ಧಿಯರ ಕಥೆ ಹಳಗನ್ನಡದ ಅತ್ಯಂತ ಪರಿಚಿತ ಕಥೆಗಳಲ್ಲಿ ಒಂದು. ‘ವೃಕ್ಷಸಾಕ್ಷಿ’ ಎಂಬ ಹೆಸರಿನಲ್ಲಿ ಅದು ಕರ್ನಾಟಕದ ಪ್ರೌಢಶಾಲೆಯ ಪಠ್ಯದಲ್ಲಿ ಪಾಠವಾಗಿಯೂ ಬಂದಿದೆ. ಧರ್ಮಕ್ಕೆ ಜಯ, ಅಧರ್ಮಕ್ಕೆ ಅಪಜಯ ಎಂಬ ನೀತಿಯಲ್ಲಿ ಕಥೆಯನ್ನು ಮುಗಿಸುವುದು ತರಗತಿಗಳಲ್ಲಿ ರೂಢಿಯಾಗಿದೆ. ಆದರೆ ಈ ಕಥೆಯ ನಡುವಿನಲ್ಲಿ ಒಂದು ನ್ಯಾಯಾಸ್ಥಾನವಿದೆ, ಒಂದು ವಿಚಾರಣೆಯಿದೆ, ಒಂದು ಸಾಕ್ಷ್ಯವಿದೆ. ಆ ಸಾಕ್ಷ್ಯ ಸುಳ್ಳೆಂದು ಸ್ಥಾಪಿತವಾಗುವ ಬಗೆಯೂ ಇದೆ. ಕಥೆಯನ್ನು ನೀತಿಯಾಗಿ ಓದುವಾಗ ಹಿಂದೆ ಸರಿಯುವ ಈ ಭಾಗವನ್ನೇ ಮುಂದಿಟ್ಟುಕೊಂಡರೆ ಬೇರೊಂದು ಪ್ರಶ್ನೆ ಎದುರಾಗುತ್ತದೆ: ಒಬ್ಬ ಮನುಷ್ಯ ಒಳ್ಳೆಯವನೆಂಬುದನ್ನು ನ್ಯಾಯಾಲಯದಲ್ಲಿ ಹೇಗೆ ಸಿದ್ಧಮಾಡಬಹುದು? ಸಿದ್ಧಮಾಡಿದರೂ ಅದರಿಂದ ಏನು ಸಿದ್ಧವಾಗುತ್ತದೆ?

ಕ್ರಿ.ಶ. 1031ರಲ್ಲಿ ಈ ಕೃತಿಯನ್ನು ರಚಿಸಿದ ದುರ್ಗಸಿಂಹ ಆಸ್ಥಾನದ ಹೊರಗಿನ ಕಥೆಗಾರನಲ್ಲ. ಚಾಲುಕ್ಯ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದವನು, ಕಿಸುಕಾಡು ನಾಡಿನ ಸಯ್ಯಡಿಯವನು. ವಸುಭಾಗಭಟ್ಟನ ಸಂಸ್ಕೃತ ಕೃತಿಯನ್ನು ಕನ್ನಡದ ಚಂಪುವಾಗಿ ತಂದ ಈ ಕವಿಗೆ ದೂರು, ದಾಖಲೆ, ಪಕ್ಷ, ಪ್ರತಿಪಕ್ಷಗಳ ಲೋಕ ದಿನನಿತ್ಯದ ಲೋಕವಾಗಿತ್ತೆಂದು ಭಾವಿಸಲು ಅಡ್ಡಿಯಿಲ್ಲ. ಆದ್ದರಿಂದ ಅವನ ಕಥೆಯಲ್ಲಿನ ಧರ್ಮಾಧಿಕರಣವನ್ನು ಅಲಂಕಾರದ ಹಿನ್ನೆಲೆಯೆಂದು ಬಿಡದೆ, ಅದು ಮಾಡುವ ಕೆಲಸವನ್ನು ಗಮನಿಸಿ ಓದುವುದು ಉಚಿತ.

ಹೆಸರು ಹೇಳುವುದು, ನ್ಯಾಯಾಸ್ಥಾನ ಕೇಳುವುದು

ಕಥೆ ಸರಳ. ಇಬ್ಬರು ವ್ಯಾಪಾರಿ ಗೆಳೆಯರು ಪರದೇಶದಲ್ಲಿ ಹೊನ್ನು ಗಳಿಸಿ ಮರಳುತ್ತಾರೆ. ಗಳಿಸಿದ್ದನ್ನು ಹಂಚಿಕೊಳ್ಳೋಣವೆನ್ನುವವನು ಧರ್ಮಬುದ್ಧಿ. ವೆಚ್ಚಕ್ಕೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಂಡು ಉಳಿದುದನ್ನು ಊರ ಹೊರಗಿನ ಆಲದ ಮರದ ಬುಡದಲ್ಲಿ ಹೂಳೋಣವೆನ್ನುವವನು ದುಷ್ಟಬುದ್ಧಿ. ಹೂತದ್ದನ್ನು ಅವನೇ ಇರುಳಿನಲ್ಲಿ ಕದ್ದೊಯ್ದು, ಅನಂತರ ಗೆಳೆಯನ ಮೇಲೆ ಕಳವಿನ ಆರೋಪ ಹೊರಿಸಿ ಧರ್ಮಾಧಿಕರಣಕ್ಕೆ ಹೋಗುತ್ತಾನೆ. ಸಾಕ್ಷಿ ಯಾರೆಂದು ಕೇಳಿದಾಗ ಆ ಆಲದ ಮರವೇ ಸಾಕ್ಷಿ ಎನ್ನುತ್ತಾನೆ.

ಇಲ್ಲಿ ಓದುಗರಿಗೂ ನ್ಯಾಯಾಧೀಶರಿಗೂ ನಡುವೆ ಒಂದು ಅಂತರವಿದೆ. ಯಾರು ಒಳ್ಳೆಯವನು, ಯಾರು ಕೆಟ್ಟವನು ಎಂಬುದನ್ನು ನಮಗೆ ಕಥೆ ಮೊದಲ ಸಾಲಿನಲ್ಲೇ ಹೆಸರಿನ ಮೂಲಕ ಹೇಳಿಬಿಟ್ಟಿದೆ. ಧರ್ಮಾಧಿಕರಣದವರ ಕಿವಿಗೂ ಬೀಳುವುದು ಅದೇ ಹೆಸರುಗಳೇ. ಆದರೂ ಅವರು ಹೆಸರಿನ ಮೇಲೆ ತೀರ್ಪು ಕೊಡುವುದಿಲ್ಲ, ಸಾಕ್ಷಿಯನ್ನು ಕೇಳುತ್ತಾರೆ. ನೀತಿಕಥೆಯ ರೂಢಿಯಲ್ಲಿ ಹೆಸರೆಂದರೆ ಸ್ವಭಾವ. ನ್ಯಾಯಾಸ್ಥಾನದಲ್ಲಿ ಹೆಸರೆಂದರೆ ಕರೆಯಲಿಕ್ಕಿರುವ ಗುರುತು ಮಾತ್ರ. ಈ ಎರಡು ರೂಢಿಗಳನ್ನು ದುರ್ಗಸಿಂಹ ಒಂದೇ ಕಥೆಯೊಳಗೆ ಮುಖಾಮುಖಿಯಾಗಿಸಿದ್ದಾನೆ. ಧರ್ಮಬುದ್ಧಿಯ ಸದ್ಗುಣಗಳ ಬಗ್ಗೆ ನುಡಿಯಲು ಊರಿನ ಒಬ್ಬ ಹಿರಿಯನೂ ಸಭೆಗೆ ಬರುವುದಿಲ್ಲ. ಬಂದಿದ್ದರೆ ಕಥೆ ಸುಲಭವಾಗಿ ಮುಗಿಯುತ್ತಿತ್ತು, ಆದರೆ ಹೊನ್ನನ್ನು ಕದ್ದವರು ಯಾರೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತಿತ್ತು.

ಹೆಸರಿನ ವಿಷಯದಲ್ಲಿ ಇದಕ್ಕಿಂತ ತೀಕ್ಷ್ಣವಾದುದು ದುಷ್ಟಬುದ್ಧಿಯ ತಂದೆಯ ಹೆಸರು: ಪ್ರೇಮಮತಿ. ಮಗನ ಉಪಾಯ ಕುಲಕ್ಕೇ ಕೇಡೆಂದು ಅವನಿಗೆ ಗೊತ್ತಿದೆ. ಬಾಯಿಬಿಟ್ಟು ಹಾಗೆಂದು ಹೇಳುತ್ತಾನೆ ಕೂಡ. ಆದರೂ ಮಗನ ಒತ್ತಾಯಕ್ಕೆ ಮಣಿದು ಇರುಳಿನಲ್ಲಿ ಮರದ ಪೊಟರೆಯೊಳಗೆ ಅಡಗುತ್ತಾನೆ. ಸುಳ್ಳು ನುಡಿಯುವುದು ಅವನ ಸ್ವಭಾವವೆಂದು ಕಥೆ ಎಲ್ಲೂ ಹೇಳುವುದಿಲ್ಲ. ಅವನ ಸ್ವಭಾವ ಪ್ರೀತಿ, ಮತ್ತು ಆ ಪ್ರೀತಿಯೇ ಸುಳ್ಳಿಗೆ ದಾರಿಯಾಗುತ್ತದೆ. ಮನುಷ್ಯನ ಒಟ್ಟು ಸ್ವಭಾವ ತಿಳಿದರೂ ಒಂದು ನಿರ್ದಿಷ್ಟ ಇರುಳಿನಲ್ಲಿ ಅವನು ಏನು ಮಾಡಿದನೆಂಬುದು ಅದರಿಂದ ತಿಳಿಯುವುದಿಲ್ಲ ಎಂಬ ಸಾಕ್ಷ್ಯಶಾಸ್ತ್ರದ ಮೂಲತತ್ತ್ವಕ್ಕೆ ಈ ತಂದೆಗಿಂತ ಒಳ್ಳೆಯ ಉದಾಹರಣೆ ಹಳಗನ್ನಡದಲ್ಲಿ ದೊರೆಯುವುದು ಕಷ್ಟ.

ಶಾಸ್ತ್ರದ ಎಚ್ಚರ

ಪ್ರಾಚೀನ ವ್ಯವಹಾರಶಾಸ್ತ್ರ ಶೀಲವನ್ನು ಕಡೆಗಣಿಸಿರಲಿಲ್ಲ. ಆದರೆ ಅದು ಹೆಚ್ಚಾಗಿ ಕೇಳಿದ್ದು ಸಾಕ್ಷಿಯ ಶೀಲವನ್ನು. ಯಾಜ್ಞವಲ್ಕ್ಯ ಸ್ಮೃತಿಯ ಪ್ರಕಾರ ಲಿಖಿತ, ಭುಕ್ತಿ, ಸಾಕ್ಷಿ ಈ ಮೂರು ಮನುಷ್ಯ ಪ್ರಮಾಣಗಳು. ಇವು ಇಲ್ಲದಿರುವಾಗ ಮಾತ್ರ ತುಲಾ, ಅಗ್ನಿ, ಜಲ, ವಿಷ, ಕೋಶ ಮೊದಲಾದ ದಿವ್ಯಗಳು. ಸಾಕ್ಷಿಯಾಗುವವನು ತಪಸ್ವಿ, ದಾನಶೀಲ, ಕುಲೀನ, ಸತ್ಯವಾದಿ, ಋಜು, ಪುತ್ರವಂತ, ಧನವಂತ ಆಗಿರಬೇಕೆಂದು ಸ್ಮೃತಿ ವಿಧಿಸುತ್ತದೆ. ಆಪ್ತ, ಶತ್ರು, ವ್ಯಾಜ್ಯದಲ್ಲಿ ಲಾಭವಿರುವವನು, ಜೂಜುಗಾರ, ಕಳ್ಳ, ಕೂಟಲೇಖಕ ಮೊದಲಾದವರನ್ನು ದೂರವಿಡುತ್ತದೆ; ಹೆಂಗಸರನ್ನೂ ಮಕ್ಕಳನ್ನೂ ಅದೇ ಪಟ್ಟಿಗೆ ಸೇರಿಸುತ್ತದೆ. ಈ ಪಟ್ಟಿಯ ಬೆಳಕಿನಲ್ಲಿ ಪೊಟರೆ ಏನನ್ನು ಮರೆಮಾಡಿದೆಯೆಂಬುದು ಸ್ಪಷ್ಟವಾಗುತ್ತದೆ. ಪ್ರೇಮಮತಿ ಎದುರಿಗೆ ಬಂದು ನುಡಿದಿದ್ದರೆ ಆಪ್ತನೆಂಬ ಕಾರಣಕ್ಕೇ ಅವನ ಮಾತು ಬಿದ್ದುಹೋಗುತ್ತಿತ್ತು. ಮರ ಮರೆಸಿದ್ದು ಅವನ ದೇಹಕ್ಕಿಂತ ಹೆಚ್ಚಾಗಿ ಅವನ ನಂಟನ್ನು.

ದುಷ್ಟಬುದ್ಧಿಯ ಚಾತುರ್ಯ ಇನ್ನೊಂದು ಹೆಜ್ಜೆ ಮುಂದಿದೆ. ಅವನು ಕೊಡುವುದಾಗಿ ಹೇಳುವುದು ಸಾಕ್ಷಿಯನ್ನು, ಎಂದರೆ ಮನುಷ್ಯ ಪ್ರಮಾಣವನ್ನು. ಸಭೆಯ ಮುಂದೆ ತರುವುದು ದೈವ ನೆಲೆಸಿದ ಮರವನ್ನು, ಎಂದರೆ ದಿವ್ಯದ ಗೌರವವುಳ್ಳ ಪ್ರಮಾಣವನ್ನು. ಸಾಕ್ಷಿಯಾದರೆ ಪ್ರಶ್ನಿಸಬೇಕು, ಅವನ ಯೋಗ್ಯತೆಯನ್ನು ಪರೀಕ್ಷಿಸಬೇಕು. ದಿವ್ಯವಾದರೆ ಆರೋಪಿ ತಾನೇ ಅದಕ್ಕೆ ಒಡ್ಡಿಕೊಳ್ಳಬೇಕು. ಮರ ಈ ಎರಡು ಕಟ್ಟುಪಾಡುಗಳಿಂದಲೂ ಜಾರಿಕೊಳ್ಳುತ್ತದೆ. ಧರ್ಮಾಧಿಕರಣದವರು ಕುತೂಹಲದಿಂದ ಹೋಗಿ, ಮರವನ್ನು ಪೂಜಿಸಿ, ಪ್ರಶ್ನೆ ಕೇಳುತ್ತಾರೆ. ಪೂಜೆ ಮುಗಿದ ಮೇಲೆ ಪಾಟೀಸವಾಲಿಗೆ ಎಡೆಯೆಲ್ಲಿ? ನ್ಯಾಯಾಧೀಶರ ಭಕ್ತಿಯೇ ವಿಚಾರಣೆಗೆ ಅಡ್ಡಬರುವ ಈ ಸನ್ನಿವೇಶದಲ್ಲಿ ಸಂಧಿವಿಗ್ರಹಿಯೊಬ್ಬನ ಮೆಲುನಗೆಯನ್ನು ಕಾಣುವುದು ತಪ್ಪಾಗಲಾರದು.

ಕಥೆಯ ನಿಜವಾದ ತಿರುವು ಇಲ್ಲಿ ಬರುತ್ತದೆ. ಮರವು ಧರ್ಮಬುದ್ಧಿಯೇ ಕದ್ದನೆಂದು ನುಡಿದಾಗ ಅವನು ತನ್ನ ಶೀಲದ ಹೆಸರಿನಲ್ಲಿ ಮೊರೆಯಿಡುವುದಿಲ್ಲ. ದೈವವಾಗಿದ್ದರೆ ಸತ್ಯವನ್ನೇ ನುಡಿಯಬೇಕು. ನುಡಿದದ್ದು ಸತ್ಯವಲ್ಲವೆಂದು ತನಗೆ ಗೊತ್ತು. ಆದ್ದರಿಂದ ನುಡಿದದ್ದು ದೈವವಲ್ಲ. ಈ ತರ್ಕವನ್ನು ಹಿಡಿದು ಅವನು ಮರವನ್ನು ಬಳಸಿ ನೋಡುತ್ತಾನೆ, ಪೊಟರೆಯನ್ನೂ ಅಲ್ಲಿ ಮನುಷ್ಯ ಸಂಚಾರದ ಗುರುತನ್ನೂ ಕಾಣುತ್ತಾನೆ. ಶೀಲದ ವಿಚಾರ ಇಲ್ಲಿಯೂ ಬಂದಿದೆ, ಆದರೆ ಅದು ಸಾಕ್ಷಿಯ ಶೀಲದ ವಿಚಾರ. ಅದೂ ತೀರ್ಪಿನ ಆಧಾರವಾಗಿ ಬಂದಿಲ್ಲ, ಹುಡುಕಾಟದ ಆರಂಭವಾಗಿ ಬಂದಿದೆ. ಎಲ್ಲಿ ನೋಡಬೇಕೆಂಬುದನ್ನು ಶೀಲ ತೋರಿಸಿತು. ಏನು ನಡೆಯಿತೆಂಬುದನ್ನು ತೋರಿಸಿದ್ದು ನೆಲದ ಮೇಲಿನ ಗುರುತು. ಧರ್ಮಬುದ್ಧಿ ಗೆದ್ದದ್ದು ಹೆಸರಿನ ಮೊದಲ ಭಾಗದಿಂದಲ್ಲ, ಎರಡನೆಯ ಭಾಗದಿಂದ.

ಆಮೇಲೆ ಪೊಟರೆಗೆ ಹುಲ್ಲು ತುಂಬಿ ಬೆಂಕಿಯಿಡುವುದನ್ನು ಕೇವಲ ಶಿಕ್ಷೆಯೆಂದು ಓದಿದರೆ ಸಾಲದು. ಅದು ಅಗ್ನಿದಿವ್ಯದ ತಲೆಕೆಳಗಾದ ರೂಪ. ಶಾಸ್ತ್ರದಲ್ಲಿ ಬೆಂಕಿಗೆ ಒಡ್ಡಿಕೊಳ್ಳಬೇಕಾದವನು ವ್ಯಾಜ್ಯದ ಪಕ್ಷ. ಇಲ್ಲಿ ಒಡ್ಡಲ್ಪಟ್ಟದ್ದು ಸಾಕ್ಷಿ. ಕನ್ನಡ ಶಾಸನಗಳಲ್ಲೂ ದಿವ್ಯ ಹಿಡಿದ ಉಲ್ಲೇಖಗಳಿರುವ ನಾಡಿನಲ್ಲಿ, ಇಂಥ ತಿರುವುಮುರುವಿನ ಅರ್ಥ ಅಂದಿನ ಕೇಳುಗರಿಗೆ ಹೊಳೆಯದೆ ಇದ್ದಿರಲಾರದು.

ದುರ್ಗಸಿಂಹನ ಅನಂತರದ ತಲೆಮಾರುಗಳಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126), ಕಲ್ಯಾಣದಲ್ಲಿ ವಿಜ್ಞಾನೇಶ್ವರ ಮಿತಾಕ್ಷರವನ್ನು ಬರೆದ. ಒಂದೆಡೆ ನಿಲ್ಲದಿರುವುದು, ಕಟವಾಯಿ ನೆಕ್ಕುವುದು, ಹಣೆ ಬೆವರುವುದು, ಮುಖ ಬಣ್ಣಗೆಡುವುದು, ಮಾತು ತಡವರಿಸುವುದು: ಇವನ್ನು ಯಾಜ್ಞವಲ್ಕ್ಯ ದುಷ್ಟನ ಲಕ್ಷಣಗಳೆಂದು ಎಣಿಸಿದ್ದಾನೆ. ಅಲ್ಲಿ ವಿಜ್ಞಾನೇಶ್ವರ ತೋರುವ ಎಚ್ಚರ ಗಮನಾರ್ಹ. ಇವು ದೋಷದ ಸಂಭಾವನೆಯನ್ನಷ್ಟೇ ತೋರುತ್ತವೆ, ದೋಷವನ್ನು ನಿಶ್ಚಯಿಸುವುದಿಲ್ಲ. ಏಕೆಂದರೆ ಹುಟ್ಟಿನಿಂದ ಬಂದ ವಿಕಾರ ಯಾವುದು, ಸಂದರ್ಭದಿಂದ ಬಂದ ವಿಕಾರ ಯಾವುದು ಎಂದು ಬೇರ್ಪಡಿಸಿ ತಿಳಿಯುವುದು ಕಷ್ಟ, ಎನ್ನುತ್ತಾನೆ. ಹೆದರಿದವನೂ ಬೆವರುತ್ತಾನೆ, ಕದ್ದವನೂ ಬೆವರುತ್ತಾನೆ. ಮುಖವನ್ನು ಓದಿ ಮನಸ್ಸನ್ನು ತೀರ್ಮಾನಿಸುವ ಆತುರಕ್ಕೆ ಕಲ್ಯಾಣದ ಪಂಡಿತ ಹಾಕಿದ ಈ ತಡೆ, ಕಥೆಗಾರ ದುರ್ಗಸಿಂಹ ಹೆಸರಿನ ವಿಷಯದಲ್ಲಿ ಹಾಕಿದ ತಡೆಗೆ ಸಮಾನಾಂತರವಾಗಿದೆ.

ಇಂದ್ರಸಭೆಯ ಎರಡು ಹೇಳಿಕೆಗಳು

ಹದಿಮೂರನೆಯ ಶತಮಾನದ ಆರಂಭದ ರಾಘವಾಂಕನ ಹರಿಶ್ಚಂದ್ರಕಾವ್ಯ ಈ ಪ್ರಶ್ನೆಯನ್ನು ಬೇರೆ ತುದಿಯಿಂದ ಹಿಡಿಯುತ್ತದೆ. ಇಲ್ಲಿ ಯಾವ ಅಪರಾಧವೂ ನಡೆದಿಲ್ಲ. ಇಂದ್ರಸಭೆಯಲ್ಲಿ ಎದ್ದ ಪ್ರಶ್ನೆ ನೇರವಾಗಿ ಶೀಲದ್ದೇ: ಸತ್ಯವಂತನಾದ ಅರಸನು ಯಾರು? ವಸಿಷ್ಠ ಹರಿಶ್ಚಂದ್ರನೆಂದು ನುಡಿಯುತ್ತಾನೆ, ವಿಶ್ವಾಮಿತ್ರ ಅಲ್ಲಗಳೆಯುತ್ತಾನೆ. ಒಬ್ಬ ತನ್ನ ಬ್ರಾಹ್ಮಣ್ಯವನ್ನೂ ಇನ್ನೊಬ್ಬ ತನ್ನ ತಪಃಫಲವನ್ನೂ ಪಣಕ್ಕಿಡುತ್ತಾರೆ.

ಸ್ಮೃತಿಯ ಪಟ್ಟಿಯಿಂದ ನೋಡಿದರೆ ವಸಿಷ್ಠನ ಸಾಕ್ಷ್ಯ ನಿಲ್ಲುವುದಿಲ್ಲ. ಅವನು ಹರಿಶ್ಚಂದ್ರನ ಕುಲಗುರು, ಆಪ್ತ. ವಿಶ್ವಾಮಿತ್ರನದು ಇನ್ನೂ ವಿಚಿತ್ರ. ಅವನ ಹಗೆ ಹರಿಶ್ಚಂದ್ರನ ಮೇಲಲ್ಲ, ವಸಿಷ್ಠನ ಮೇಲೆ. ಒಬ್ಬನ ಶೀಲವನ್ನು ಅಳೆಯುವ ನೆಪದಲ್ಲಿ ಇಬ್ಬರು ಸಾಕ್ಷಿಗಳ ಹಳೆಯ ಜಗಳ ಮುಂದುವರಿಯುತ್ತದೆ. ಯಾರ ಬಗ್ಗೆ ಮಾತು ನಡೆಯುತ್ತಿದೆಯೋ ಅವನು ಸಭೆಯಲ್ಲಿಲ್ಲ, ಅವನಿಗೆ ಸುದ್ದಿಯೂ ಇಲ್ಲ. ಶೀಲಸಾಕ್ಷ್ಯದ ಎಲ್ಲ ದೌರ್ಬಲ್ಯಗಳೂ ಈ ಒಂದು ದೃಶ್ಯದಲ್ಲಿ ಕೂಡಿವೆ: ಹೊಗಳುವವನು ನಂಟ, ತೆಗಳುವವನು ಇನ್ನಾರದೋ ವೈರಿ, ಆಡಿದ್ದು ಅಭಿಪ್ರಾಯ.

ಇದಕ್ಕೆ ಕಾವ್ಯ ಕಂಡುಕೊಂಡ ಪರಿಹಾರ ದೀರ್ಘವಾದದ್ದು, ಕ್ರೂರವಾದದ್ದು. ಅಭಿಪ್ರಾಯದಿಂದ ಸಿದ್ಧವಾಗದ್ದನ್ನು ನಡೆಯಿಂದ ಸಿದ್ಧಮಾಡಬೇಕು. ರಾಜ್ಯ ಹೋಗಬೇಕು, ಹೆಂಡತಿ ಮಗ ಮಾರಾಟವಾಗಬೇಕು, ಅರಸ ಸುಡುಗಾಡಿನ ಕಾವಲುಗಾರನಾಗಬೇಕು. ಕನ್ನಡದ ‘ನಡತೆ’ ಎಂಬ ಮಾತು ‘ನಡೆ’ಯಿಂದ ಬಂದದ್ದು, ‘ಚಾರಿತ್ರ’ವೂ ನಡೆಯುವ ಅರ್ಥದ ಧಾತುವಿನಿಂದಲೇ ಹುಟ್ಟಿದ್ದು. ಇಡೀ ಕಾವ್ಯ ಆ ಪದದ ಅಕ್ಷರಾರ್ಥದ ವಿಸ್ತರಣೆಯಂತಿದೆ: ಅಯೋಧ್ಯೆಯಿಂದ ಕಾಶಿಯವರೆಗೆ ನಡೆದು ತೋರಿಸಿದ ಶೀಲ. ಆದರೆ ಇಂಥ ಪ್ರಮಾಣವನ್ನು ಯಾವ ಮನುಷ್ಯ ನ್ಯಾಯಾಲಯವೂ ಕೇಳಲಾರದು, ಕೇಳಲೂಬಾರದು. ಒಬ್ಬನ ಸತ್ಯವನ್ನು ತಿಳಿಯಲು ಒಂದು ಮನೆತನವನ್ನು ಸುಡುವುದು ದೇವಸಭೆಗೆ ಮಾತ್ರ ಸಾಧ್ಯವಾದ ವೆಚ್ಚ.

ಕಾಶಿಯ ಅಪರಿಚಿತೆ

ವಿಮರ್ಶೆ ಹರಿಶ್ಚಂದ್ರನ ಮೇಲೆ ನೆಟ್ಟ ಕಣ್ಣನ್ನು ಸ್ವಲ್ಪ ಸರಿಸಿ ಚಂದ್ರಮತಿಯತ್ತ ನೋಡಬೇಕು. ಮಗನನ್ನು ಕಳೆದುಕೊಂಡ ಅವಳು ಕಾಶಿಯ ರಾಜಕುಮಾರನ ಕೊಲೆಯ ಆರೋಪಕ್ಕೆ ಗುರಿಯಾಗಿ ಮರಣದಂಡನೆ ಹೊಂದುತ್ತಾಳೆ. ಹಿಡಿದವರು ಕಂಡದ್ದು ಸತ್ತ ಮಗುವಿನ ಬಳಿ ಇದ್ದ ಒಬ್ಬ ಹೆಣ್ಣನ್ನು. ದುರ್ಗಸಿಂಹನಲ್ಲಿ ಸನ್ನಿವೇಶದ ಗುರುತು ನಿರಪರಾಧಿಯನ್ನು ಉಳಿಸಿತು. ರಾಘವಾಂಕನಲ್ಲಿ ಅದೇ ಬಗೆಯ ಗುರುತು ನಿರಪರಾಧಿಯನ್ನು ಕತ್ತಿಯ ಕೆಳಗೆ ತಂದಿತು. ವೃಕ್ಷಸಾಕ್ಷಿಯಿಂದ ನಾವು ಕಲಿತ ಪಾಠಕ್ಕೆ ಇದು ಅಗತ್ಯವಾದ ತಿದ್ದುಪಡಿ. ಸನ್ನಿವೇಶವೂ ಸುಳ್ಳು ಹೇಳಬಲ್ಲುದು. ಅದು ಸುಳ್ಳು ಹೇಳುವಾಗ ಆರೋಪಿಯ ಪೂರ್ವದ ಸನ್ನಡತೆಗೆ ಬೆಲೆ ಬರುತ್ತದೆ: ಇವಳು ಇಂಥದ್ದನ್ನು ಮಾಡುವವಳೇ ಎಂದು ನಿಂತು ಯೋಚಿಸುವಂತೆ ಮಾಡುವುದು ಅದೊಂದೇ.

ಆದರೆ ಆ ಮಾತನ್ನು ಯಾರು ಆಡಬೇಕು? ಅಯೋಧ್ಯೆಯ ರಾಣಿಯಾಗಿ ಅವಳ ಶೀಲಕ್ಕೆ ಒಂದು ರಾಜ್ಯವೇ ಸಾಕ್ಷಿ. ಕಾಶಿಯಲ್ಲಿ ಅವಳು ಬ್ರಾಹ್ಮಣನ ಮನೆಯ ಕೊಂಡ ತೊತ್ತು, ಹೆಸರಿಲ್ಲದವಳು, ನೆರೆಹೊರೆಯಿಲ್ಲದವಳು. ಕುಲ, ಧನ, ಪುತ್ರರೆಂದು ಸ್ಮೃತಿ ಯಾವುದನ್ನು ನಂಬಿಕೆಯ ಗುರುತಾಗಿ ಎಣಿಸುತ್ತದೆಯೋ ಅದೆಲ್ಲವನ್ನೂ ಅವಳು ಕಳೆದುಕೊಂಡಿದ್ದಾಳೆ. ಶೀಲ ಅವಳೊಡನೆ ಕಾಶಿಗೆ ಬಂದಿದೆ, ಕೀರ್ತಿ ಬಂದಿಲ್ಲ. ಈ ಎರಡರ ನಡುವಿನ ಬಿರುಕನ್ನು ರಾಘವಾಂಕನಷ್ಟು ನೋವಿನಿಂದ ತೋರಿಸಿದ ಕವಿಗಳು ವಿರಳ.

ಎರಡು ಕಾನೂನುಗಳ ನಡುವೆ

1872ರ ಭಾರತೀಯ ಸಾಕ್ಷ್ಯ ಅಧಿನಿಯಮ ಈ ಬಿರುಕನ್ನು ಗುರುತಿಸಿತ್ತು. ಅದರ 52ರಿಂದ 55ರವರೆಗಿನ ಪ್ರಕರಣಗಳು, ಮತ್ತು 2024ರ ಜುಲೈ 1ರಿಂದ ಅವುಗಳ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 46ರಿಂದ 50ರವರೆಗಿನವು, ಹೇಳುವುದಿಷ್ಟು: ಸಿವಿಲ್ ವ್ಯಾಜ್ಯದಲ್ಲಿ ಪಕ್ಷಗಾರನ ಶೀಲ ಸಾಮಾನ್ಯವಾಗಿ ಅಪ್ರಸ್ತುತ. ಕ್ರಿಮಿನಲ್ ಪ್ರಕರಣದಲ್ಲಿ ಆರೋಪಿಯ ಸನ್ನಡತೆ ಪ್ರಸ್ತುತ. ಅವನ ದುರ್ನಡತೆ, ಅವನೇ ಸನ್ನಡತೆಯ ಸಾಕ್ಷ್ಯ ಕೊಟ್ಟು ಬಾಗಿಲು ತೆರೆದಾಗ ಅದಕ್ಕೆ ಉತ್ತರವಾಗಿ, ಅಥವಾ ಶೀಲವೇ ವ್ಯಾಜ್ಯದ ವಿಷಯವಾದಾಗ ಮಾತ್ರ ಪ್ರಸ್ತುತ. ಶೀಲವೆಂದರೆ ಲೋಕದಲ್ಲಿರುವ ಕೀರ್ತಿ, ಮನುಷ್ಯನಲ್ಲಿರುವ ಸ್ವಭಾವ ಎರಡೂ ಹೌದು. ಆದರೆ ಸಾಕ್ಷ್ಯ ಕೊಡಬಹುದಾದದ್ದು ಸಾಮಾನ್ಯ ಕೀರ್ತಿ, ಸಾಮಾನ್ಯ ಸ್ವಭಾವಗಳ ಬಗ್ಗೆ. ಅವನ್ನು ತೋರಿದ ಬಿಡಿಬಿಡಿ ಕೃತ್ಯಗಳ ಬಗ್ಗೆ ಅಲ್ಲ.

ಈ ಕೊನೆಯ ನಿಯಮದ ಮುಂದೆ ಹರಿಶ್ಚಂದ್ರಕಾವ್ಯವನ್ನಿಟ್ಟು ನೋಡಬೇಕು. ನ್ಯಾಯಾಲಯ ವಸಿಷ್ಠನ ಒಂದು ಮಾತನ್ನು ಕೇಳಿಸಿಕೊಳ್ಳುತ್ತದೆ, ಕಾವ್ಯದ ಉಳಿದೆಲ್ಲ ಭಾಗವನ್ನು ಹೊರಗಿಡುತ್ತದೆ. ಕಾವ್ಯ ನಂಬುವುದು ಆ ಹೊರಗಿಟ್ಟ ಭಾಗವನ್ನು ಮಾತ್ರ. ಹೀಗೆ ಹೊರಗಿಡಲು ಕಾನೂನಿಗೆ ಕಾರಣವಿದೆ. ಪ್ರತಿಯೊಂದು ಕೃತ್ಯವನ್ನೂ ವಿಚಾರಣೆಗೆತ್ತಿಕೊಂಡರೆ ಒಂದು ಕಳವಿನ ಪ್ರಕರಣ ಒಂದು ಬದುಕಿನ ವಿಚಾರಣೆಯಾಗಿಬಿಡುತ್ತದೆ. ಹೆಂಗಸರ ವಿಷಯದಲ್ಲಿ ಅದು ಹಾಗೆಯೇ ಆಗಿತ್ತು. ಅತ್ಯಾಚಾರದ ದೂರು ಕೊಟ್ಟವಳು ‘ನಡತೆಗೆಟ್ಟವಳು’ ಎಂದು ತೋರಿಸಿ ಅವಳ ಮಾತಿನ ಬೆಲೆ ಕಳೆಯಲು ಅವಕಾಶವಿದ್ದ 155(4)ನೆಯ ಉಪಪ್ರಕರಣವನ್ನು ತೆಗೆದುಹಾಕಿದ್ದು 2002ರ ತಿದ್ದುಪಡಿ. ಅವಳ ಪೂರ್ವಶೀಲ ಅಪ್ರಸ್ತುತವೆಂದು 53ಎ ಪ್ರಕರಣ ಸಾರಿದ್ದು 2013ರಲ್ಲಿ. ಸ್ಮೃತಿ ಹೆಂಗಸನ್ನು ಸಾಕ್ಷಿಕಟ್ಟೆಯಿಂದಲೇ ದೂರವಿಟ್ಟಿತ್ತು. ಆಧುನಿಕ ಕಾನೂನು ಅವಳನ್ನು ಕಟ್ಟೆಗೆ ಕರೆದು, ಬಹುಕಾಲ ಅವಳ ಶೀಲವನ್ನೇ ಅವಳ ವಿರುದ್ಧ ನಿಲ್ಲಿಸಿತ್ತು.

ಈ ಲೇಖನ ಸಿದ್ಧವಾಗುತ್ತಿರುವುದು ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟ್‌ನಲ್ಲಿ. ಫಲಕದ ಮೇಲೆ ಅದು ಒಂದನೆಯ ಜಾಯೆದ್ ರಸ್ತೆ, ಜನರ ಬಾಯಲ್ಲಿ ಎಲೆಕ್ಟ್ರಾ. ಇಲ್ಲಿನ ಮಹಡಿಮನೆಗಳಲ್ಲಿ ಮಂಗಳೂರಿನವರೂ ಕಾಸರಗೋಡಿನವರೂ ಬೆಂಗಳೂರಿನವರೂ ಬಾಡಿಗೆಗಿದ್ದಾರೆ. ಎದುರು ಬಾಗಿಲಿನವರು ಎರಡು ವರ್ಷಕ್ಕೆ ಬದಲಾಗುತ್ತಾರೆ. ‘ಸಾಮಾನ್ಯ ಕೀರ್ತಿ’ ಎಂಬ ಕಾನೂನಿನ ಮಾತು ಒಂದು ಊರನ್ನು, ತಲೆಮಾರುಗಳ ನೆರೆಹೊರೆಯನ್ನು ಊಹಿಸಿಕೊಳ್ಳುತ್ತದೆ. ವಲಸೆಯ ಬದುಕಿನಲ್ಲಿ ಅದು ಸಿಗುವುದಿಲ್ಲ. ಅದರ ಜಾಗದಲ್ಲಿ ಪೊಲೀಸ್ ಇಲಾಖೆಯ ಸನ್ನಡತೆಯ ಪ್ರಮಾಣಪತ್ರ ಬರುತ್ತದೆ. ಅದು ಹೇಳುವುದು ಈ ಮನುಷ್ಯನ ಮೇಲೆ ದಾಖಲಾದ ಅಪರಾಧವಿಲ್ಲ ಎಂದು ಮಾತ್ರ. ದೋಷವಿಲ್ಲವೆಂಬ ಬರಹವನ್ನು ಗುಣವಿದೆಯೆಂಬ ಬರಹವಾಗಿ ಓದುವುದು ನಮ್ಮ ಕಾಲದ ರೂಢಿ. ಚಂದ್ರಮತಿಯ ಕೈಯಲ್ಲಿ ಅಂಥ ಕಾಗದವಿದ್ದಿದ್ದರೂ ಕಾಶಿಯ ಸಭೆ ಅದನ್ನು ಎಷ್ಟರಮಟ್ಟಿಗೆ ಓದುತ್ತಿತ್ತು?

ಈ ನೆಲದ ನ್ಯಾಯಪರಂಪರೆಯೂ ಇದೇ ಪ್ರಶ್ನೆಯನ್ನು ತನ್ನದೇ ರೀತಿಯಲ್ಲಿ ಎದುರಿಸಿದೆ. ಇಸ್ಲಾಮೀ ನ್ಯಾಯಶಾಸ್ತ್ರದ ‘ತಜ್ಕಿಯಾ’ ಪದ್ಧತಿಯಲ್ಲಿ ಖಾಜಿಯು ಸಾಕ್ಷಿಯ ಪ್ರಾಮಾಣಿಕತೆಯನ್ನು ಅವನ ನೆರೆಹೊರೆಯಲ್ಲಿ ಗುಟ್ಟಾಗಿ ವಿಚಾರಿಸಿ ತಿಳಿಯುತ್ತಿದ್ದ. ಯಾಜ್ಞವಲ್ಕ್ಯನ ಪಟ್ಟಿಯಂತೆ ಇಲ್ಲಿಯೂ ಪರೀಕ್ಷೆ ಮುಖ್ಯವಾಗಿ ಸಾಕ್ಷಿಗೆ. ಎಮಿರೇಟ್ಸ್‌ನ ಇಂದಿನ ಸಿವಿಲ್ ಸಾಕ್ಷ್ಯ ಕಾನೂನಾದ 2022ರ 35ನೆಯ ಫೆಡರಲ್ ಆದೇಶ-ಕಾನೂನಿನಲ್ಲಿ ನಿರ್ಣಾಯಕ ಪ್ರಮಾಣವಚನಕ್ಕೆ ಸ್ಥಾನವಿದೆ. ಪುರಾವೆಯಿಲ್ಲದ ಪಕ್ಷಗಾರ ಎದುರಾಳಿಗೆ ‘ಆಣೆಯಿಟ್ಟು ಹೇಳು’ ಎನ್ನಬಹುದು. ಆಣೆಯಿಡಲೂ ಒಪ್ಪದೆ, ಅದನ್ನು ತಿರುಗಿ ಎದುರಾಳಿಗೇ ಒಡ್ಡಲೂ ಒಪ್ಪದೆ ಇದ್ದವನು ಸೋಲುತ್ತಾನೆ. ಮನುಷ್ಯ ಪ್ರಮಾಣ ಮುಗಿದಲ್ಲಿ ಎದುರಾಳಿಯ ಅಂತಃಕರಣವನ್ನೇ ಸಾಕ್ಷಿಗೆ ಕರೆಯುವ ಈ ಏರ್ಪಾಡಿಗೂ, ಲಿಖಿತ-ಭುಕ್ತಿ-ಸಾಕ್ಷಿಗಳು ಇಲ್ಲದಲ್ಲಿ ದಿವ್ಯವನ್ನು ವಿಧಿಸಿದ ಏರ್ಪಾಡಿಗೂ ಹೊರರೂಪ ಬೇರೆ, ಹುಟ್ಟಿದ ಇಕ್ಕಟ್ಟು ಒಂದೇ. ದುಷ್ಟಬುದ್ಧಿಯಂಥವನು ಆಣೆಗೆ ಅಂಜುವುದಿಲ್ಲ ಎಂಬ ತೊಡಕೂ ಎರಡಕ್ಕೂ ಒಂದೇ.

ಈ ಪಠ್ಯಗಳನ್ನು ಒಟ್ಟಿಗೆ ಓದಿದಾಗ ತೋರುವುದಿಷ್ಟು. ಶೀಲವನ್ನು ನ್ಯಾಯಾಲಯದಲ್ಲಿ ಸಿದ್ಧಮಾಡುವುದಕ್ಕಿಂತ ಅದರ ಬಗ್ಗೆ ಲೋಕದ ಮಾತನ್ನು ಸಿದ್ಧಮಾಡುವುದು ಸುಲಭ; ಹಾಗಾಗಿ ಕಾನೂನು ಅದನ್ನೇ ಒಪ್ಪಿಕೊಂಡಿದೆ. ಅಂಥ ಮಾತು ನಿರಪರಾಧಿಯನ್ನು ಉಳಿಸುವ ಕಡೆಗೆ ಮಾತ್ರ ವಾಲಬೇಕು, ಅಪರಾಧವನ್ನು ಹೊರಿಸುವ ಕಡೆಗೆ ವಾಲಬಾರದು ಎಂಬ ಅಸಮತೋಲನದಲ್ಲಿ ಆ ಕಾನೂನಿನ ವಿವೇಕವಿದೆ. ದುರ್ಗಸಿಂಹನ ಕಥೆ ಈ ವಿವೇಕದ ಮೊದಲರ್ಧವನ್ನು ಕಲಿಸುತ್ತದೆ: ಒಳ್ಳೆಯ ಹೆಸರನ್ನು ಬದಿಗಿಟ್ಟು ಮರದ ಸುತ್ತ ಒಮ್ಮೆ ನಡೆದು ನೋಡು. ಉಳಿದರ್ಧವನ್ನು ಕಲಿಯಲು ರಾಘವಾಂಕನಿಗೆ ಬರಬೇಕು, ಅದರಲ್ಲೂ ಹರಿಶ್ಚಂದ್ರನ ಕತ್ತಿಯ ಕೆಳಗೆ ಕೊರಳೊಡ್ಡಿದ ಹೆಣ್ಣಿನ ಬಳಿಗೆ. ಅವಳ ಪರವಾಗಿ ನುಡಿಯಲು ಸಭೆಯಲ್ಲಿ ಯಾರೂ ಇರಲಿಲ್ಲ. ಕೊನೆಗೆ ವಿಶ್ವನಾಥನೇ ಪ್ರತ್ಯಕ್ಷನಾಗಬೇಕಾಯಿತು. ದೈವ ಮೈದೋರದ ನ್ಯಾಯಾಲಯಗಳಲ್ಲಿ ಆ ಜಾಗ ಖಾಲಿಯಾಗಿಯೇ ಉಳಿಯುತ್ತದೆ. ವೃಕ್ಷಸಾಕ್ಷಿಯನ್ನು ಪಾಠ ಹೇಳುವಾಗಲೆಲ್ಲ ಆ ಖಾಲಿ ಜಾಗವನ್ನೂ ತೋರಿಸುವುದು ಮೇಷ್ಟರ ಕೆಲಸ.